ಗಾಯ ಮಾಯಿತು, ಬೆರಳಿನ ಜೋಮು ಹೋಗಲಿಲ್ಲವೇಕೆ?

ಮಟ್ಟಾಂಚೇರಿಯಲ್ಲಿ ದುಡಿಯುವ ನಮ್ಮವರಿಗೆ ಕೈಯೇ ಬಂಡವಾಳ. ಹೋಟೆಲಿನಲ್ಲಿ ಮೆಟ್ಟುಕತ್ತಿಯೋ, ಮಂಡಿಯಲ್ಲಿ ಮೂಟೆ ಬಿಚ್ಚುವ ಚೂರಿಯೋ, ಆಫೀಸಿನಲ್ಲಿ ಒಡೆದ ಗಾಜಿನ ಲೋಟವೋ ಕೈಗೆ ಆಳವಾಗಿ ತಗಲುವುದು ಅಪರೂಪವಲ್ಲ. ಹೊಲಿಗೆ ಹಾಕಿಸುತ್ತೇವೆ, ಎರಡು ವಾರದೊಳಗೆ ಚರ್ಮ ಕೂಡುತ್ತದೆ. ಬೆರಳಿನ ತುದಿ ಮಾತ್ರ ತನ್ನದಲ್ಲವೆಂಬಂತೆ ಜೋಮು ಹಿಡಿದೇ ಇರುತ್ತದೆ. ತಾನಾಗಿ ಸರಿಹೋದೀತೆಂದು ಸುಮ್ಮನಿರುವವರೇ ಹೆಚ್ಚು. ಹಾಗೆ ಸುಮ್ಮನಿರುವುದು ಸರಿಯೇ?

ಪ್ರತಿ ಬೆರಳಿನ ಎರಡು ಮಗ್ಗುಲಲ್ಲಿಯೂ ಸ್ಪರ್ಶವನ್ನು ತಿಳಿಸುವ ಸಣ್ಣ ನರಗಳಿವೆ. ನರ ಕೇವಲ ಜಜ್ಜಿದ್ದರೆ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಸ್ಪರ್ಶ ಮರಳುವುದುಂಟು. ತುಂಡಾಗಿದ್ದರೆ ಸಂಗತಿ ಬೇರೆ. 1850ರಲ್ಲಿ ಆಗಸ್ಟಸ್ ವಾಲರ್ ಎಂಬ ಆಂಗ್ಲ ವಿಜ್ಞಾನಿಯು ಕಪ್ಪೆಯ ನರಗಳನ್ನು ಕತ್ತರಿಸಿ ನೋಡಿ, ಕಡಿದ ಜಾಗದಿಂದ ಆಚೆಗಿನ ಭಾಗ ನಶಿಸಿಹೋಗುವುದೆಂದು ತೋರಿಸಿದನು. ಈಚೆಯ ತುದಿಯಿಂದ ಹೊಸ ಎಳೆಗಳು ಬೆಳೆದು ಬರಬೇಕು. ಅವುಗಳ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಗಾಯದಿಂದ ಬೆರಳ ತುದಿಗೆ 10 ಸೆಂಟಿಮೀಟರ್ ಇದ್ದರೆ 100 ದಿನ. ಬೆಳವಣಿಗೆ ಆರಂಭವಾಗಲು ಬೇಕಾದ ಕೆಲವು ವಾರ ಬೇರೆ.

ಕಡಿದ ತುದಿಗಳು ದೂರ ಸರಿದಿದ್ದರೆ ಎಳೆಗಳು ದಾರಿ ತಪ್ಪುತ್ತವೆ. ಮುಟ್ಟಿದರೆ ಶಾಕ್ ಹೊಡೆದಂತಾಗುವ ಗಂಟು ಅಲ್ಲಿ ಬೆಳೆಯಬಹುದು. ಯಾವ ಮಾತ್ರೆ, ಎಣ್ಣೆ, ಇಂಜಕ್ಷನ್ನೂ ತುಂಡಾದ ನರವನ್ನು ಕೂಡಿಸಲಾರದು. ವೈದ್ಯರು ಭೂತಗನ್ನಡಿಯ ನೆರವಿನಿಂದ ಬಹು ಸಣ್ಣ ನೂಲಿನಲ್ಲಿ ಹೊಲಿಯಬೇಕು. ಮೊದಲ ಕೆಲವು ದಿನಗಳಲ್ಲಿ ಅದು ಸುಲಭ; ತಡವಾದರೆ ಬೇರೆಡೆಯಿಂದ ನರದ ತುಂಡು ತಂದು ಸೇರಿಸಬೇಕಾದೀತು.

ಆದುದರಿಂದ ಮುಖ್ಯವಾದ ಮಾತು ಇದು: ಗಾಯವಾದ ದಿನವೇ, ಮರಗಟ್ಟಿಸುವ ಇಂಜಕ್ಷನ್ ಕೊಡುವ ಮೊದಲೇ, ಬೆರಳುಗಳ ಎರಡು ಮಗ್ಗುಲನ್ನೂ ಮೆಲ್ಲಗೆ ಸವರಿ ನೋಡಬೇಕು. ಸ್ಪರ್ಶ ಕಡಮೆಯಿದ್ದರೆ, ಬೆರಳು ಮಡಿಸಲಾಗದಿದ್ದರೆ ಡಾಕ್ಟರಿಗೆ ಹೇಳಿರಿ. ಮಲಯಾಳದಲ್ಲಿ ಜೋಮಿಗೆ ‘ಮರವಿಪ್ಪ್’ ಎನ್ನುತ್ತಾರೆ. ಬೆರಳು ತೋರಿಸಿ ಆ ಒಂದು ಮಾತು ಆಡಿದರೂ ಸಾಕು. ಹೊಲಿಗೆ ಬಿಚ್ಚಿದ ಮೇಲೂ ಜೋಮು ಉಳಿದಿದ್ದರೆ ಕೈ ಶಸ್ತ್ರಚಿಕಿತ್ಸೆ ಬಲ್ಲವರು ಎಲ್ಲಿದ್ದಾರೆಂದು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಕೆಲಸದ ಹೊತ್ತಿನ ಗಾಯವಾದರೆ ಚೀಟಿಗಳನ್ನು ಜೋಪಾನವಾಗಿಡಿರಿ, ಇ.ಎಸ್.ಐ. ಇದ್ದವರಿಗೂ ಪರಿಹಾರ ಕೇಳುವವರಿಗೂ ಅವು ಬೇಕು. ಪಟ್ಟಿ ಕಟ್ಟಿದ ಬೆರಳು ತಣ್ಣಗಾಗಿ ನೀಲಿಗಟ್ಟಿದರೆ ಆ ಕ್ಷಣವೇ ಆಸ್ಪತ್ರೆಗೆ ಹಿಂದಿರುಗಿರಿ.

ಗುಣವಾಗುತ್ತಿದೆಯೆಂದು ತಿಳಿಯುವುದು ಹೇಗೆ? ಗಾಯ ಮಾದ ಮೇಲೆ ನರದ ದಾರಿಯಲ್ಲಿ ಬೆರಳಿನಿಂದ ತಟ್ಟಿದಾಗ ಜುಮ್ಮೆನ್ನುವ ಜಾಗ ತಿಂಗಳಿಂದ ತಿಂಗಳಿಗೆ ಮುಂದೆ ಸರಿದರೆ ಒಳ್ಳೆಯ ಲಕ್ಷಣ. ಫ್ರಾನ್ಸಿನ ವೈದ್ಯ ಟಿನೆಲ್ 1915ರಲ್ಲಿ ಇದನ್ನು ವಿವರಿಸಿದನು. ಆದರೂ ದೊಡ್ಡವರಲ್ಲಿ ಸ್ಪರ್ಶ ಮೊದಲಿನಂತೆ ಪೂರ್ತಿ ಮರಳುವುದು ಕಡಮೆ.

ಅಲ್ಲಿಯವರೆಗೆ ಆ ಬೆರಳಿಗೆ ಕಣ್ಣೇ ಕಾವಲು. ವೆಲ್ಲೂರಿನ ಡಾ. ಪಾಲ್ ಬ್ರ್ಯಾಂಡರು ಕುಷ್ಠರೋಗಿಗಳ ಕೈಗಳನ್ನು ಪರೀಕ್ಷಿಸಿ, ನೋವು ತಿಳಿಯದೆ ಆದ ಸುಟ್ಟಗಾಯ, ಪೆಟ್ಟುಗಳಿಂದಲೇ ಬೆರಳುಗಳು ಬಹಳವಾಗಿ ಹಾಳಾಗುವುವೆಂದು ಕಂಡರು. ಬಿಸಿ ಲೋಟ, ಕಾವಲಿ, ಇಸ್ತ್ರಿಪೆಟ್ಟಿಗೆಗಳನ್ನು ಇನ್ನೊಂದು ಕೈಯಿಂದ ಹಿಡಿಯಿರಿ. ರಾತ್ರಿ ಮಲಗುವ ಮುನ್ನ ಬೆರಳನ್ನು ದೀಪದಲ್ಲಿ ನೋಡಿಕೊಳ್ಳಿರಿ. ಗಾಯವೇ ಇಲ್ಲದೆ ಜೋಮು ಬಂದರೆ, ಬಿಳಿಚಿದ ಮಚ್ಚೆ ಇದ್ದರಂತೂ, ನಾಚದೆ ವೈದ್ಯರಿಗೆ ತೋರಿಸಿರಿ.

ಒಂದು ದಿನದ ಸಂಬಳ ಹೋದೀತೆಂದು ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬೇಡಿರಿ. ಸಂಬಳ ತರುವುದೂ ಆ ಕೈಯೇ.