ಕಂಬ ಹತ್ತುವ ವೀಲ್‌ಚೇರ್

ಹಾಯಿಹಡಗು ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಜ್ಯಾಕ್ ಸ್ಪ್ಯಾರೋ, ಹಗ್ಗ ಹಿಡಿದು ಹಾರಾಡೋ ಗಟ್ಟಿಮುಟ್ಟಾದ ನಾವಿಕರು. ಅಂಥದೇ ಹಡಗಿನ ಚುಕ್ಕಾಣಿಯನ್ನು ಕಣ್ಣು ಕಾಣದವರು ಹಿಡಿದಿದ್ದಾರೆ, ವೀಲ್‌ಚೇರ್‌ನಲ್ಲಿ ಕೂತವರು ಕಂಬದ ಮೇಲೆ ಹೋಗ್ತಿದ್ದಾರೆ ಅಂದರೆ ನಂಬ್ತೀರಾ? ಬ್ರಿಟನ್ನಿನಲ್ಲಿ ಇದು ಮೂರು ದಶಕಕ್ಕೂ ಹೆಚ್ಚು ಕಾಲ ನಡೆಯಿತು.

ಶಿಕ್ಷಕರೂ ನಾವಿಕರೂ ಆಗಿದ್ದ ಕ್ರಿಸ್ಟೋಫರ್ ರಡ್ 1978ರಲ್ಲಿ ಜುಬಿಲಿ ಸೇಲಿಂಗ್ ಟ್ರಸ್ಟ್ ಶುರು ಮಾಡಿದರು. ಉಳಿದ ಮಕ್ಕಳಿಗೆ ಸಿಗುವ ಸಮುದ್ರದ ಅನುಭವ ವಿಶೇಷಚೇತನ ಮಕ್ಕಳಿಗೂ ಸಿಗಬೇಕು ಅನ್ನೋದು ಅವರ ಆಸೆ. ಟ್ರಸ್ಟಿನ ಮೊದಲ ಹಡಗು ‘ಲಾರ್ಡ್ ನೆಲ್ಸನ್’ 1986ರಲ್ಲಿ ಯಾನ ಆರಂಭಿಸಿತು. ಹೆಸರು ಸರಿಯಾಗೇ ಇದೆ, ಆ ನೌಕಾಧಿಪತಿಗೆ ಒಂದು ಕೈ ಇರಲಿಲ್ಲ, ಒಂದು ಕಣ್ಣು ಕಾಣುತ್ತಿರಲಿಲ್ಲ.

ನಮಗೆ ಕುತೂಹಲ ಹುಟ್ಟಿಸಿದ್ದು ಇದರ ವಿನ್ಯಾಸ. ನಮ್ಮಲ್ಲಿ ಕಟ್ಟಡವೆಲ್ಲ ಮುಗಿದ ಮೇಲೆ ಒಂದು ಮೂಲೆಗೆ ರ್‍ಯಾಂಪ್ ಅಂಟಿಸಿ ಕೈ ತೊಳೆದುಕೊಳ್ಳೋದು ರೂಢಿ. ಈ ಹಡಗಿನ ವಿನ್ಯಾಸಕಾರ ಕಾಲಿನ್ ಮ್ಯೂಡಿ ಮೊದಲ ಗೆರೆ ಎಳೆಯುವಾಗಲೇ ವೀಲ್‌ಚೇರನ್ನು ಲೆಕ್ಕಕ್ಕೆ ತೆಗೆದುಕೊಂಡರು. ಡೆಕ್ ಅಗಲ, ಸಮತಟ್ಟು. ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಲಿಫ್ಟ್. ಗಾಳಿ ಹಾಯಿಗೆ ಬಡಿದಾಗ ಹಡಗು ವಾಲುತ್ತದೆ, ಆಗ ನೆಲವೇ ಇಳಿಜಾರು. ಅದಕ್ಕಾಗಿ ವೀಲ್‌ಚೇರ್ ಕಟ್ಟಿ ನಿಲ್ಲಿಸುವ ಜಾಗಗಳೂ ಬೇಕು. ದಿಕ್ಸೂಚಿ ಮಾತಾಡುತ್ತದೆ, ಕಣ್ಣು ಕಾಣದವರು ಅದನ್ನು ಕೇಳಿಸಿಕೊಂಡೇ ಚುಕ್ಕಾಣಿ ತಿರುಗಿಸಬಹುದು. ಕಿವಿ ಕೇಳದವರ ಹಾಸಿಗೆಯಲ್ಲಿ ಅಪಾಯದ ಹೊತ್ತಿಗೆ ಅದುರಿ ಎಬ್ಬಿಸುವ ಸಾಧನ ಇದೆ.

ಸರಿ, ವೀಲ್‌ಚೇರ್ ಕಂಬ ಹತ್ತೋದು ಹೇಗೆ? ಫಸ್ಟ್ ಇಯರ್ ಮೆಕ್ಯಾನಿಕ್ಸ್ ನೆನಪಿಸಿಕೊಳ್ಳಿ. ಹಗ್ಗ ಮತ್ತು ರಾಟೆ, ಅಷ್ಟೇ! ಕುರ್ಚಿ ಸಮೇತ 100 ಕೆಜಿ ತೂಕವನ್ನು ಹಗ್ಗದ ನಾಲ್ಕು ಎಳೆಗಳು ಹೊತ್ತರೆ, ಘರ್ಷಣೆ ಬಿಟ್ಟು, ಕೆಳಗೆ ಎಳೆಯುವವರಿಗೆ 25 ಕೆಜಿಯಷ್ಟೇ ಭಾರ. ಅದನ್ನು ನಾಲ್ಕೈದು ಜನ ಸೇರಿ ಎಳೆದರೆ ಆಯಿತು. ಎಳೆಯುವವರಲ್ಲಿ ಕಾಲಿಲ್ಲದವರೂ ಇರಬಹುದು, ಕೈಗೆ ಬಲ ಇದ್ದರೆ ಸಾಕಲ್ಲ.

ಇಲ್ಲಿ ಯಾರೂ ಪ್ರವಾಸಿಗರಲ್ಲ. ಕಾಯಂ ಸಿಬ್ಬಂದಿ ಬಿಟ್ಟು ಸುಮಾರು 40 ಜನ ಹತ್ತುತ್ತಿದ್ದರು. ವಿಶೇಷಚೇತನರು, ಇತರರು ಜೋಡಿ ಜೋಡಿಯಾಗಿ ಪಾಳಿಯಲ್ಲಿ ಕಾವಲು, ಅಡುಗೆಮನೆ ಕೆಲಸ, ಡೆಕ್ ತೊಳೆಯೋದು ಎಲ್ಲ ಮಾಡಬೇಕು. ವೀಲ್‌ಚೇರ್‌ನಲ್ಲಿದ್ದೀನಿ ಅಂತ ರಾತ್ರಿ ಪಾಳಿಗೆ ರಜೆ ಇಲ್ಲ! ನಮ್ಮ ಪ್ರಕಾರ ಇಡೀ ವಿನ್ಯಾಸದಲ್ಲಿ ಅತ್ಯಂತ ಜಾಣ ಭಾಗ ಇದೇ. ಲಿಫ್ಟು, ದಿಕ್ಸೂಚಿ ಎಲ್ಲ ಇದ್ದದ್ದು ಅವರನ್ನು ಆರಾಮಾಗಿ ಕೂರಿಸೋಕಲ್ಲ, ಕೆಲಸಕ್ಕೆ ಹಚ್ಚೋಕೆ.

ಎರಡನೇ ಹಡಗು ‘ಟೆನೇಷಿಯಸ್’ ಸೌತಾಂಪ್ಟನ್ನಿನಲ್ಲಿ ತಯಾರಾಗಿ 2000ದಲ್ಲಿ ನೀರಿಗಿಳಿಯಿತು. ಮರದ ಹಡಗು, ಉದ್ದ 65 ಮೀಟರ್. ಅದನ್ನು ಕಟ್ಟಿದವರಲ್ಲೂ ವಿಶೇಷಚೇತನ ಸ್ವಯಂಸೇವಕರಿದ್ದರು. ಲಾರ್ಡ್ ನೆಲ್ಸನ್ ಅಂತೂ 2012ರಿಂದ 2014ರವರೆಗೆ ಭೂಮಿಯನ್ನೇ ಸುತ್ತಿತು, ದಾರಿಯಲ್ಲಿ ನಮ್ಮ ಪಕ್ಕದ ಕೊಚ್ಚಿಗೂ ಬಂದು ಹೋಯಿತು.

ಆದರೆ ಇಂಥ ಹಡಗು ಸಾಕೋದು ಆನೆ ಸಾಕಿದ ಹಾಗೆ. ಹಾಯಿ, ಹಗ್ಗ, ಬಣ್ಣ, ರಿಪೇರಿ, ಸಿಬ್ಬಂದಿ ಸಂಬಳ ಯಾವುದೂ ನಿಲ್ಲೋದಿಲ್ಲ, ಹಡಗು ನಿಂತರೂ. ಲಾರ್ಡ್ ನೆಲ್ಸನ್ 2019ರಲ್ಲಿ ನಿವೃತ್ತಿಯಾಯಿತು. 2023ರ ಡಿಸೆಂಬರ್‌ನಲ್ಲಿ ಹಣದ ಮುಗ್ಗಟ್ಟಿನಿಂದ ಟ್ರಸ್ಟೇ ಬಾಗಿಲು ಹಾಕಿತು.