ಕರೆಯ ತಂತಿಗಳು

ಗಣಕದೊಳಗಿನ ಕಾರ್ಡು ಪ್ರೊಸೆಸರನ್ನು ಕೂಗಿ ಕರೆಯಬೇಕಾದರೆ ಅದಕ್ಕೊಂದು ತಂತಿ ಬೇಕು. 1981ರ ಐಬಿಎಂ ಪಿಸಿಯಲ್ಲಿ ಇಂಥ ತಂತಿಗಳು 8. 1984ರ ‘ಎಟಿ’ ಮಾದರಿಯಲ್ಲಿ 16. ಗಡಿಯಾರ, ಕೀಲಿಮಣೆ, ಡಿಸ್ಕುಗಳು ತಮ್ಮ ಪಾಲನ್ನು ಮೊದಲೇ ಪಡೆದಿದ್ದವು.

ಮೌಸ್ ಮೊದಲನೆಯ ಸೀರಿಯಲ್ ದ್ವಾರದಲ್ಲಿದ್ದು, ಹೊಸ ಮೋಡೆಮ್ ಕಾರ್ಡನ್ನು ಮೂರನೆಯ ದ್ವಾರವಾಗಿ ಹೊಂದಿಸಿದರೆಂದುಕೊಳ್ಳಿ. ರೂಢಿಯಂತೆ ಎರಡಕ್ಕೂ 4ನೇ ಸಂಖ್ಯೆಯ ತಂತಿಯೇ. ಒಂದರ ಕರೆ ಮತ್ತೊಂದರಲ್ಲಿ ಮುಳುಗುತ್ತಿತ್ತು. ಮೋಡೆಮ್ ಮಾತಿಗಾರಂಭಿಸಿದೊಡನೆ ಮೌಸ್ ಸ್ತಬ್ಧ! ಕಾರ್ಡು ಕೆಟ್ಟಿತೆಂದು ಮರುಗಬೇಕಾಗಿರಲಿಲ್ಲ. ಅದರ ಮೇಲಿನ ಪುಟ್ಟ ಜಂಪರನ್ನು ಕಿತ್ತು 5ನೇ ತಂತಿಗೆ ಕೂಡಿಸಿ, ತಂತ್ರಾಂಶಕ್ಕೂ ಅದನ್ನೇ ತಿಳಿಸಿದರೆ ಸಾಕಿತ್ತು. ಅಲ್ಲಿ ಧ್ವನಿ ಕಾರ್ಡು ಮೊದಲೇ ಬೀಡುಬಿಟ್ಟಿರಬಾರದು, ಅಷ್ಟೆ.

1990ರ ದಶಕದಲ್ಲಿ ‘ಪ್ಲಗ್ ಅಂಡ್ ಪ್ಲೇ’ ಬಂದು ಈ ಪಾಲುಪಟ್ಟಿಯ ಹೊಣೆಯನ್ನು ಯಂತ್ರಕ್ಕೆ ಒಪ್ಪಿಸಿತು. ಅಲ್ಲಿಯವರೆಗೆ, ಯಾರಿಗೆ ಯಾವ ತಂತಿಯೆಂದು ಚೀಟಿಯಲ್ಲಿ ಬರೆದಿಟ್ಟವನೇ ಜಾಣ.