ವೋಟು ಇಟಗಿಯಲ್ಲಿ, ಬಾಡಿಗೆ ಸುರತ್ಕಲ್‌ನಲ್ಲಿ

ರೋಣ, ನರಗುಂದ, ಗಜೇಂದ್ರಗಡದ ಕಡೆಯ ಯಾವ ಊರಲ್ಲಿ ಬೇಕಾದರೂ ಕೇಳಿ ನೋಡಿ. ಮನೆಗೊಬ್ಬರು ಅಲ್ಲದಿದ್ದರೂ ಓಣಿಗೊಬ್ಬರಾದರೂ ಮಂಗಳೂರು ಕಡೆ ದುಡಿಯೋಕೆ ಹೋದವರು ಸಿಗುತ್ತಾರೆ. ಮೊದಲೆಲ್ಲ ಗಾರೆ ಕೆಲಸ, ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಈಗ ಡಿಪ್ಲೊಮಾ, ಬಿಇ, ನರ್ಸಿಂಗ್ ಮುಗಿಸಿದವರೂ ಹೋಗುತ್ತಿದ್ದಾರೆ. ವಿಜಯಪುರದಿಂದ ಗದಗ ಮೇಲೆ ಹಾದು ಮಂಗಳೂರಿಗೆ ಹೋಗುವ ರೈಲು ಬಂದ ಮೇಲೆ ದಾರಿಯೂ ಸಲೀಸಾಗಿದೆ.

ಇಟಗಿಯ ಭೀಮವ್ವನ ಜಾತ್ರೆಗೆ ರಜೆ ಹಾಕಿ ಬರುವ ಇಂಥ ಹುಡುಗ ಹುಡುಗಿಯರನ್ನು ಮನೆಯ ಹಿರಿಯರು ಕೇಳೋದು ಒಂದೇ ಪ್ರಶ್ನೆ: "ಅಲ್ಲಿ ಸಮುದ್ರ ಐತಿ, ಮಳಿ ಐತಿ, ಫ್ಯಾಕ್ಟರಿ ಅದಾವು. ನಿಮಗೇನವಾ ಕಮ್ಮಿ?"

ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ಸುರತ್ಕಲ್ ಕಡೆ ನೋಡಬೇಕು.

ಊರು ಬೆಳೆದ ಬಗೆ

ಮಂಗಳೂರು ಪೇಟೆಯಿಂದ ಉತ್ತರಕ್ಕೆ ಸುಮಾರು 15 ಕಿ.ಮೀ. ದೂರದಲ್ಲಿದೆ ಸುರತ್ಕಲ್. ಒಂದು ಬದಿಗೆ ಅರಬ್ಬಿ ಸಮುದ್ರ, ಲೈಟ್‌ಹೌಸ್. ಇನ್ನೊಂದು ಬದಿಗೆ ರಿಫೈನರಿಯ ಚಿಮಣಿಗಳು. ನಡುವೆ ರಾಷ್ಟ್ರೀಯ ಹೆದ್ದಾರಿ 66.

ಇಲ್ಲಿ 1960ರಲ್ಲಿ ಕೆಆರ್‌ಇಸಿ ಬಂತು, ಅದೇ 2002ರಲ್ಲಿ ಎನ್‌ಐಟಿಕೆ ಆಯಿತು. ಪಕ್ಕದ ಪಣಂಬೂರಿನಲ್ಲಿ ನವಮಂಗಳೂರು ಬಂದರು 1974ರಲ್ಲಿ ದೇಶದ ದೊಡ್ಡ ಬಂದರುಗಳ ಪಟ್ಟಿ ಸೇರಿತು. ಆಮೇಲೆ ರಸಗೊಬ್ಬರ ಕಾರ್ಖಾನೆ, 1990ರ ದಶಕದಲ್ಲಿ ಎಂಆರ್‌ಪಿಎಲ್. ಬಂದರಿಗೆ ಜಾಗ ಬಿಟ್ಟುಕೊಟ್ಟ ಕುಟುಂಬಗಳಿಗೆ ಕಾಟಿಪಳ್ಳ, ಕೃಷ್ಣಾಪುರದ ಕಡೆ ನಿವೇಶನ ಸಿಕ್ಕವು. ಹೀಗೆ ಎತ್ತಿ ಕೂರಿಸಿದ ಜನವಸತಿಯೇ ಈಗ ಸುರತ್ಕಲ್‌ನ ದೊಡ್ಡ ಭಾಗ. ಇವೆಲ್ಲ ಈಗ 60 ವಾರ್ಡ್‌ಗಳ ಮಂಗಳೂರು ಮಹಾನಗರ ಪಾಲಿಕೆಯ ಒಳಗೆ ಬರುತ್ತವೆ.

ಗಮನಿಸಿ: ಇಲ್ಲಿ ಮೊದಲು ಕೆಲಸ ಬಂತು, ಅದರ ಹಿಂದೆ ಜನ ಬಂದರು. ಚರಂಡಿ, ನೀರು, ಫುಟ್‌ಪಾತ್ ಮಾತ್ರ ನಿಧಾನಕ್ಕೆ, ಕುಂಟುತ್ತ ಬಂದವು. ಮಂಗಳೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದಾಗಲೂ ಯೋಜನೆಯ ಮುಖ್ಯ ಕೆಲಸಗಳು ಹಳೆ ಬಂದರು, ಹಂಪನಕಟ್ಟೆ ಸುತ್ತಲಿನ ಪೇಟೆಗೇ ಮೀಸಲಾದವು. ಸುರತ್ಕಲ್‌ನಲ್ಲಿ ಹಳೆ ಮಾರುಕಟ್ಟೆ ಕೆಡವಿ ಹೊಸ ಕಟ್ಟಡ ಕಟ್ಟಲು ಹೊರಟ ಕೆಲಸ ವರ್ಷಗಟ್ಟಲೆ ಅರ್ಧಕ್ಕೇ ನಿಂತಿತ್ತು.

ಟೋಲ್‌ಗೇಟ್ ಕಲಿಸಿದ್ದು

ಸುರತ್ಕಲ್ ಹೆಸರು ರಾಜ್ಯದ ತುಂಬ ಕೇಳಿಸಿದ್ದು ಟೋಲ್‌ಗೇಟ್ ಗಲಾಟೆಯಿಂದ. ಎನ್‌ಐಟಿಕೆ ಹತ್ತಿರ "ತಾತ್ಕಾಲಿಕ" ಅಂತ ಶುರುವಾದ ಸುಂಕ ವಸೂಲಿ ವರ್ಷಾನುಗಟ್ಟಲೆ ನಡೆಯಿತು. ಅದೂ ಪಾಲಿಕೆ ವ್ಯಾಪ್ತಿಯೊಳಗೇ. ಉತ್ತರಕ್ಕೆ ಹತ್ತು ಕಿ.ಮೀ. ಆಸುಪಾಸಿನಲ್ಲೇ ಹೆಜಮಾಡಿಯ ಇನ್ನೊಂದು ಟೋಲ್ ಇತ್ತು.

ಹೋರಾಟಗಾರರ ಕೈಯಲ್ಲಿದ್ದ ಬಲವಾದ ಅಸ್ತ್ರ ಒಂದು ಸರಳ ನಿಯಮ. ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳು 2008ರ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ಒಂದೇ ಹೆದ್ದಾರಿಯಲ್ಲಿ 60 ಕಿ.ಮೀ. ಒಳಗೆ ಎರಡನೇ ಟೋಲ್ ಇರಬಾರದು. 2022ರ ಮಾರ್ಚ್‌ನಲ್ಲಿ ಸಚಿವ ನಿತಿನ್ ಗಡ್ಕರಿ ಲೋಕಸಭೆಯಲ್ಲೇ, 60 ಕಿ.ಮೀ. ಒಳಗಿನ ಟೋಲ್‌ಗಳನ್ನು ಮೂರು ತಿಂಗಳಲ್ಲಿ ಮುಚ್ಚುತ್ತೇವೆ ಅಂದರು. ಆದರೂ ಇದು ಮುಚ್ಚಲಿಲ್ಲ. ಅಕ್ಟೋಬರ್ 18ರಂದು ಜನ ಮುತ್ತಿಗೆ ಹಾಕಿದರು, ಬಂಧನಗಳಾದವು. ತಿಂಗಳ ಕೊನೆಗೆ ಹಗಲು ರಾತ್ರಿ ಧರಣಿ ಶುರುವಾಯಿತು. ಕೊನೆಗೆ 2022ರ ಡಿಸೆಂಬರ್ 1ರಿಂದ ವಸೂಲಿ ನಿಂತಿತು.

ಇದರಲ್ಲಿ ನಮ್ಮ ಕಡೆಯವರು ನೋಡಬೇಕಾದ ಎರಡು ಸಂಗತಿ ಇವೆ.

ಒಂದು, ಬಹಳ ಕಾಲ ಕೆಎ-19 ನಂಬರಿನ ಸ್ಥಳೀಯ ಖಾಸಗಿ ಕಾರುಗಳಿಗೆ ಇಲ್ಲಿ ವಿನಾಯಿತಿ ಇತ್ತು. ಅದೇ ಬೀದಿಯಲ್ಲಿ ಬಾಡಿಗೆಗಿದ್ದು, ಅದೇ ರಸ್ತೆಯಲ್ಲಿ ದಿನಾ ಡ್ಯೂಟಿಗೆ ಹೋಗುವ ಗದಗಿನ ಕೆಎ-26 ಕಾರು "ಹೊರಗಿನದು". ಸ್ಥಳೀಯ ಅನ್ನೋದನ್ನು ನಂಬರ್ ಪ್ಲೇಟ್ ತೀರ್ಮಾನಿಸಿತ್ತು.

ಎರಡು, ಗೇಟು ಹೋಯಿತು, ಲೆಕ್ಕ ಹೋಗಲಿಲ್ಲ. ಸುರತ್ಕಲ್‌ನ ಸುಂಕವನ್ನೂ ಸೇರಿಸಿ ಹೆಜಮಾಡಿಯಲ್ಲೇ ವಸೂಲಿ ಮಾಡುವ ಆದೇಶ ಬಂತು. ಆಗ ಉಡುಪಿ ಕಡೆಯವರು ಎದ್ದು ನಿಂತರು, ಹೆಚ್ಚಳ ತಡೆಹಿಡಿಯಬೇಕಾಯಿತು. ಅಂದರೆ ರಸ್ತೆಯ ಖರ್ಚನ್ನು ಯಾರಾದರೂ ಕೊಡಲೇಬೇಕು. ಯಾರು ಸುಮ್ಮನಿರುತ್ತಾರೋ ಆ ಹೊರೆ ಅವರ ಹೆಗಲಿಗೆ ಜಾರುತ್ತದೆ.

ಮಳೆನಾಡಿನಲ್ಲಿ ಟ್ಯಾಂಕರ್

ನಮ್ಮ ರೋಣದ ಸೀಮೆಯಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯಾದರೆ ಒಳ್ಳೆ ವರ್ಷ. ಮಂಗಳೂರಲ್ಲಿ 3,500 ಮಿ.ಮೀ. ದಾಟುತ್ತದೆ. ಆದರೂ ಅಲ್ಲಿ ಬೇಸಿಗೆಯಲ್ಲಿ ನೀರಿನ ರೇಷನಿಂಗ್ ಆಗುತ್ತದೆ ಅಂದರೆ ಇಟಗಿಯಲ್ಲಿ ಯಾರೂ ನಂಬೋದಿಲ್ಲ.

ಕಾರಣ ಸರಳ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು, ಇಳಿಜಾರಿನಲ್ಲಿ ಓಡಿ ಸಮುದ್ರ ಸೇರುತ್ತದೆ. ಇಡೀ ನಗರ ನೆಚ್ಚಿಕೊಂಡಿರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿರುವ ಕಿಂಡಿ ಅಣೆಕಟ್ಟನ್ನು. ಹೊಳೆಯ ಹರಿವು ನಿಂತರೆ ಅಣೆಕಟ್ಟಲ್ಲಿ ಎಷ್ಟಿದೆಯೋ ಅಷ್ಟೇ. ಸುರತ್ಕಲ್ ಆ ಪೈಪ್‌ಲೈನಿನ ದೂರದ ತುದಿ. 2019ರ ಬೇಸಿಗೆಯಲ್ಲಿ ನಗರಕ್ಕೆ ಸರದಿ ಮೇಲೆ ನೀರು ಬಿಟ್ಟರು, ಎಂಆರ್‌ಪಿಎಲ್ ಕೂಡ ನೀರಿಲ್ಲದೆ ಕೆಲವು ಘಟಕ ನಿಲ್ಲಿಸಿತು. ಆಮೇಲೆ ಆ ಕಂಪನಿ ತಣ್ಣೀರುಬಾವಿಯಲ್ಲಿ ದಿನಕ್ಕೆ 3 ಕೋಟಿ ಲೀಟರ್ ಸಾಮರ್ಥ್ಯದ, ಸಮುದ್ರದ ನೀರನ್ನು ಸಿಹಿ ಮಾಡುವ ಘಟಕವನ್ನೇ ಕಟ್ಟಿಕೊಂಡಿತು.

ಕಂಪನಿಗೆ ಸಮುದ್ರ ಇದೆ. ಸ್ವಂತ ಮನೆಯವರಿಗೆ ಬಾವಿ ಇದೆ, ಕರಾವಳಿಯ ಹಳೆ ಮನೆಗಳಲ್ಲಿ ಬಾವಿ ಇಲ್ಲದಿರೋದೇ ಕಡಿಮೆ. ಮೂರನೇ ಮಹಡಿಯ ಬಾಡಿಗೆ ರೂಮಿನವರಿಗೆ? ಟ್ಯಾಂಕರ್. ಅದರ ದುಡ್ಡು ಮೇಂಟೆನೆನ್ಸ್ ಹೆಸರಲ್ಲಿ ಬಾಡಿಗೆಗೆ ಸೇರುತ್ತದೆ.

ನೆಲದ ಕೆಳಗಿನ ಪೈಪು

ಒಳಚರಂಡಿಯ ಕಥೆಯೂ ಇದೇ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕರಾವಳಿಯ ಹತ್ತು ಪಟ್ಟಣಗಳಿಗೆ ನೀರು, ಒಳಚರಂಡಿ ಒದಗಿಸುವ ಯೋಜನೆ ಬಂತು. ಸುರತ್ಕಲ್ ಬಳಿಯ ಮಧ್ಯ ಎಂಬಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕವೂ ಆಯಿತು. ಆದರೆ ಘಟಕ ಇದ್ದರಷ್ಟೇ ಸಾಲದು, ಪ್ರತಿ ಮನೆಯ ಪೈಪು ಅಲ್ಲಿಗೆ ಸರಿಯಾಗಿ ತಲುಪಬೇಕು. ನಡುವೆ ಒಂದು ಕಡೆ ಕೊಂಡಿ ತಪ್ಪಿದರೂ ಕೊಳಚೆ ತೋಡು ಸೇರುತ್ತದೆ, ತೋಡು ಹೊಳೆ ಸೇರುತ್ತದೆ.

ಇಂಥ ವಿಷಯಕ್ಕೆ ಮುತ್ತಿಗೆ ಹಾಕೋಕೆ ಆಗೋದಿಲ್ಲ. ಟೋಲ್‌ಗೇಟ್ ಕಣ್ಣಿಗೆ ಕಾಣುತ್ತೆ, ಪೈಪು ಕಾಣಲ್ಲ. ಇದಕ್ಕೆ ಬೇಕಾಗಿರುವುದು ಬಿಡದೆ ಕೇಳುವ ಜನ, ಕೇಳುವುದಕ್ಕೊಂದು ಜಾಗ.

ಬಾಡಿಗೆಯವರ ಮಾತಿಗೆ ಜಾಗ ಎಲ್ಲಿ?

ಕಾಗದದ ಮೇಲೆ ಆ ಜಾಗ ಇದೆ. ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿಯಂತೆ ವಾರ್ಡ್ ಸಮಿತಿ, ಅದರ ಕೆಳಗೆ ಏರಿಯಾ ಸಭೆ ಇರಬೇಕು. ಚರಂಡಿ ಎಲ್ಲಿ ಆಗಬೇಕು, ಬೀದಿದೀಪ ಎಲ್ಲಿ ಬೇಕು ಅನ್ನೋ ಮಾತು ಅಲ್ಲಿಂದ ಮೇಲಕ್ಕೆ ಹೋಗಬೇಕು. ಆದರೆ ಏರಿಯಾ ಸಭೆಯಲ್ಲಿ ಯಾರಿರುತ್ತಾರೆ? ಆ ಮತಗಟ್ಟೆಯ ಮತದಾರರ ಪಟ್ಟಿಯಲ್ಲಿ ಹೆಸರು ಇರುವವರು.

ಐದಾರು ವರ್ಷದಿಂದ ಸುರತ್ಕಲ್‌ನಲ್ಲೇ ಇದ್ದರೂ ನಮ್ಮವರ ಹೆಸರು ಇರೋದು ರೋಣದ ಪಟ್ಟಿಯಲ್ಲಿ. ಹಾಗಾಗಿ ಕಾರ್ಪೊರೇಟರ್ ಲೆಕ್ಕದಲ್ಲಿ ಅವರು ಇಲ್ಲ. "ಬಾಡಿಗೆಯವರು ತೆರಿಗೆ ಕಟ್ಟಲ್ಲವಲ್ಲ" ಅನ್ನೋ ಮಾತೂ ಕೇಳುತ್ತೆ. ಅದು ನಿಜವಲ್ಲ. ಮಾಲೀಕರು ಕಟ್ಟುವ ಆಸ್ತಿ ತೆರಿಗೆ ಬರೋದು ಬಾಡಿಗೆಯಿಂದಲೇ, ನೀರಿನ ಬಿಲ್ಲೂ ಅಷ್ಟೇ.

ಹಾಗಂತ ವೋಟು ಬದಲಿಸೋದು ಸುಲಭದ ತೀರ್ಮಾನ ಅಲ್ಲ. ಒಬ್ಬರ ಹೆಸರು ಎರಡು ಕಡೆ ಇರುವಂತಿಲ್ಲ. ಸುರತ್ಕಲ್‌ಗೆ ತಂದರೆ ಊರಿನ ಪಂಚಾಯಿತಿ ಚುನಾವಣೆ ಕೈತಪ್ಪುತ್ತದೆ. ಊರಿನ ಕೆರೆ, ಹೊಲದ ದಾರಿ, ಅಪ್ಪ ಅವ್ವ ಇರುವ ಓಣಿಯ ಗಟಾರ ಇವೆಲ್ಲಕ್ಕೆ ನಮ್ಮದೊಂದು ವೋಟು ಕಡಿಮೆಯಾಗುತ್ತದೆ. "ಊರ ಋಣ ಕಡ್ಕೊಂಡ್ಯಾ?" ಅಂತ ಕೇಳುವವರೂ ಇರುತ್ತಾರೆ. ಆದರೆ ಕಾನೂನು ಕೇಳೋದು ನೀವು ಹುಟ್ಟಿದ್ದು ಎಲ್ಲಿ ಅಂತಲ್ಲ, ಸಾಮಾನ್ಯವಾಗಿ ವಾಸ ಇರೋದು ಎಲ್ಲಿ ಅಂತ.

ಏನು ಮಾಡಬಹುದು?

ಇನ್ನೂ ನಾಲ್ಕೈದು ವರ್ಷ ಅಲ್ಲೇ ಇರುವವರು ನಮೂನೆ 8 ತುಂಬಿ ವಿಳಾಸ ಬದಲಿಸಬಹುದು. ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಫೋನಿಂದಲೇ ಆಗುತ್ತೆ. ಬಾಡಿಗೆ ಕರಾರು ನೋಂದಣಿ ಆಗಿದ್ದರೆ ವಿಳಾಸದ ದಾಖಲೆಗೆ ಅನುಕೂಲ.

ವೋಟು ಊರಲ್ಲೇ ಇರಲಿ ಅನ್ನುವವರೂ ಸುಮ್ಮನಿರಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005 ಯಾವ ವಾರ್ಡ್‌ನ ಮತದಾರರು ಅಂತ ಕೇಳೋದಿಲ್ಲ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ. ನಿಮ್ಮ ಬೀದಿಯ ಒಳಚರಂಡಿ ಯಾವ ಘಟಕಕ್ಕೆ ಸೇರಿದೆ? ನಿಂತ ಕಾಮಗಾರಿಯ ಗುತ್ತಿಗೆ ಅವಧಿ ಯಾವಾಗ ಮುಗಿಯಿತು? ಇಷ್ಟು ಕೇಳಿದರೂ ಸಾಕು, ಕಚೇರಿಯಲ್ಲಿ ಫೈಲು ಅಲುಗಾಡುತ್ತದೆ. 60 ಕಿ.ಮೀ. ನಿಯಮ ಓದಿಕೊಂಡವರು ಇದ್ದದ್ದಕ್ಕೇ ಟೋಲ್ ಹೋರಾಟಕ್ಕೆ ಬಲ ಬಂದದ್ದು.

ಇನ್ನೊಂದು: ಅಪಾರ್ಟ್‌ಮೆಂಟಿನ ಸಭೆಗೆ ಬಾಡಿಗೆಯವರನ್ನೂ ಕರೆಯಿರಿ ಅಂತ ಮಾಲೀಕರಿಗೆ ಹೇಳಿ. ಟ್ಯಾಂಕರ್ ದುಡ್ಡು ಹಂಚುವಾಗ ಲೆಕ್ಕಕ್ಕೆ ಬರುವವರು ಮಳೆಕೊಯ್ಲಿನ ಮಾತು ಬಂದಾಗಲೂ ಅಲ್ಲಿರಬೇಕು. ಮಳೆ ಕಡಿಮೆ ಇರುವ ಸೀಮೆಯಿಂದ ಬಂದವರಿಗೆ ಒಂದೊಂದು ಕೊಡದ ಬೆಲೆ ಗೊತ್ತು. ಆ ಅನುಭವ ಕರಾವಳಿಗೂ ಬೇಕು.

ಸುರತ್ಕಲ್‌ನ ಎಷ್ಟೋ ಗೋಡೆಗೆ ಇಟ್ಟಿಗೆ ಇಟ್ಟದ್ದು, ಪ್ಲಾಸ್ಟರ್ ಮಾಡಿದ್ದು ನಮ್ಮ ಕಡೆಯ ಕೈಗಳು. ಈಗ ಅವರ ಮಕ್ಕಳು ಅದೇ ಊರಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಾರೆ. ಊರು ಹೇಗೆ ಬೆಳೀಬೇಕು ಅನ್ನೋ ಮಾತಿನಲ್ಲೂ ಅವರ ದನಿ ಕೇಳಲಿ. ಈ ಬೇಸಿಗೆಯಲ್ಲಿ ಟ್ಯಾಂಕರ್ ಬಂದಾಗ ಬಿಲ್ ಕೊಟ್ಟು ಬಾಗಿಲು ಹಾಕಿಕೊಳ್ಳುವ ಮುಂಚೆ ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ: ನಮ್ಮ ವಾರ್ಡ್ ಸಮಿತಿ ಸಭೆ ಯಾವತ್ತು?